ಸ್ಕಿಜೋಫ್ರೇನಿಯಾ ಔಷಧ ಪ್ರಯೋಗ: ಸಹಿ ಯಾರದು?

ಸ್ಕಿಜೋಫ್ರೇನಿಯಾ (ಇಚ್ಚಿತ್ತ ವಿಕಲತೆ) ಕಾಯಿಲೆಗೆ ಹೊಸ ಔಷಧ ಮಾರುಕಟ್ಟೆಗೆ ಬರುವ ಮುನ್ನ ರೋಗಿಗಳ ಮೇಲೆ ಅದರ ಪ್ರಯೋಗ ನಡೆಯಬೇಕು. ಪ್ರಯೋಗಕ್ಕೆ ಸೇರಿದವರಿಗೆಲ್ಲ ಹೊಸ ಔಷಧವೇ ದೊರೆಯುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಝಾನೊಮೆಲಿನ್-ಟ್ರಾಸ್ಪಿಯಂ ಮಾತ್ರೆಯ ಒಂದು ಪ್ರಯೋಗವನ್ನೇ ನೋಡಬಹುದು. ಅದರಲ್ಲಿ 252 ರೋಗಿಗಳಿದ್ದರು. 126 ಮಂದಿಗೆ ಔಷಧ, ಉಳಿದ 126 ಮಂದಿಗೆ ಔಷಧಾಂಶವಿಲ್ಲದ ಪ್ಲಾಸಿಬೊ ಗುಳಿಗೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಹಳೆಯ ಔಷಧ ನಿಲ್ಲಿಸಿ, ಐದು ವಾರ ಆಸ್ಪತ್ರೆಯಲ್ಲೇ ಇರಿಸಲಾಗಿತ್ತು. ರೋಗಲಕ್ಷಣ ಅಳೆಯುವ 30 ಅಂಶಗಳ 'ಪ್ಯಾನ್ಸ್' ಮಾಪನದಲ್ಲಿ ಔಷಧ ಪಡೆದವರ ಅಂಕ ಸರಾಸರಿ 21.2ರಷ್ಟು, ಗುಳಿಗೆ ಪಡೆದವರದು 11.6ರಷ್ಟು ಇಳಿಯಿತು. ಹಳೆಯ ಔಷಧ ನಿಂತಾಗ ಕಾಯಿಲೆ ಮರುಕಳಿಸುವ ಅಪಾಯವಿರುತ್ತದೆ. ಒಪ್ಪಿಗೆಗೆ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದೇ: ನಿಲ್ಲಿಸುವುದು ಎಷ್ಟು ದಿನ, ಸ್ಥಿತಿ ಹದಗೆಟ್ಟರೆ ಏನು ಮಾಡುತ್ತಾರೆ?

ಮನೆಯ ಹಿರಿಯರೇ ಸಹಿ ಹಾಕಿ ಮುಗಿಸುವ ರೂಢಿ ನಮ್ಮಲ್ಲಿದೆ. ಕಾನೂನು ಇದನ್ನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಮಿನ ಪ್ರಕಾರ ರೋಗಿಯೇ ಸ್ವಇಚ್ಛೆಯಿಂದ, ವಿಷಯ ತಿಳಿದು ಒಪ್ಪಬೇಕು. ಒಪ್ಪಿಗೆ ನೀಡಲಾಗದ, ಆದರೆ ವಿರೋಧವನ್ನೂ ತೋರದ ಸ್ಥಿತಿಯಲ್ಲಿದ್ದರೆ ರಾಜ್ಯ ಪ್ರಾಧಿಕಾರದ ಅನುಮತಿ ಬೇಕು. ಆಗ ನಾಮನಿರ್ದೇಶಿತ ಪ್ರತಿನಿಧಿಯ ಒಪ್ಪಿಗೆ ಪಡೆಯಬಹುದು. ಯಾವ ಹಂತದಲ್ಲಾದರೂ ಪ್ರಯೋಗದಿಂದ ಹೊರಬರುವ ಹಕ್ಕು ಇಬ್ಬರಿಗೂ ಇದೆ. ಹೊಸ ರಾಸಾಯನಿಕ ಮೂಲದ ಔಷಧವಾಗಿದ್ದು, ರೋಗಿಯು ದುರ್ಬಲ ವರ್ಗಕ್ಕೆ ಸೇರಿದವರಾದರೆ ಒಪ್ಪಿಗೆಯ ಪ್ರಕ್ರಿಯೆಯನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಬೇಕು. ಸಹಿಯಾದ ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಂತೆ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಹಾಗೂ ಪರಿಹಾರ ದೊರೆಯಬೇಕು. ಹೆಚ್ಚಿನವರಿಗೆ ತಿಳಿಯದ ಅಂಶವೊಂದಿದೆ. ಪ್ರಚಲಿತ ಚಿಕಿತ್ಸೆ ಲಭ್ಯವಿದ್ದೂ ಅದನ್ನು ಕೊಡದೆ ಪ್ಲಾಸಿಬೊ ನೀಡಿದ್ದರಿಂದ ಆದ ಹಾನಿಗೂ ಪರಿಹಾರವಿದೆ.

ದೇಶದಲ್ಲಿ ನಡೆಯುವ ಪ್ರಯೋಗಗಳನ್ನು ಭಾರತೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ (ಸಿಟಿಆರ್‌ಐ) ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಆಸ್ಪತ್ರೆ ಸೂಚಿಸಿದ ಪ್ರಯೋಗ ಅಲ್ಲಿದೆಯೇ, ಯಾವ ನೈತಿಕ ಸಮಿತಿ ಅದನ್ನು ಒಪ್ಪಿದೆ ಎಂಬುದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು.