ರಿಜಿಸ್ಟರು ಹಿಡಿದು ಒಬ್ಬಳೇ ಹೋದವಳು

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಚೇರಿ, ಅದರ ಗೋಡೆಗೆ ಅಂಟಿಸಿದ ಸಮಿತಿ ಸದಸ್ಯರ ಪಟ್ಟಿ. ಆದರೆ ಆ ಕಾನೂನು ಹುಟ್ಟಿದ್ದು ಕಚೇರಿಯಲ್ಲಲ್ಲ. ಮನೆಮನೆ ತಿರುಗುತ್ತಿದ್ದ ಒಬ್ಬ ಕಾರ್ಯಕರ್ತೆಯಿಂದ.

ರಾಜಸ್ಥಾನದ ಭಟೇರಿ ಗ್ರಾಮದ ಭನ್ವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದರು. 1992ರಲ್ಲಿ, ವರ್ಷವೂ ತುಂಬದ ಹೆಣ್ಣುಕೂಸಿನ ಮದುವೆ ತಡೆಯಲು ಹೋದರು. ಮದುವೆ ನಿಲ್ಲಲಿಲ್ಲ. ಊರು ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಿತು. ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಜೈಪುರದ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಬಂದದ್ದು ಹಾಗೆ, ಅದರ ಬೆನ್ನಿಗೆ 2013ರ ಕಾಯ್ದೆ. ದೇಶಕ್ಕೆ ಕಾನೂನು ಸಿಕ್ಕಿತು, ಭನ್ವರಿಯವರಿಗೆ ನ್ಯಾಯ ಸಿಗಲಿಲ್ಲ.

ಬಾಲ್ಯವಿವಾಹದ ಬಗ್ಗೆ ಸಿರುಗುಪ್ಪ, ಕುರುಗೋಡು ಕಡೆಯ ಅಂಗನವಾಡಿ ಕಾರ್ಯಕರ್ತೆಯರ ಜೊತೆ ಮಾತಾಡುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಕಥೆಯೇ. ಕರ್ನಾಟಕ 2016ರಲ್ಲಿ ಕಾನೂನು ತಿದ್ದಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ಒಳ್ಳೆಯದೇ. ಆದರೆ 1098ಕ್ಕೆ ಕರೆ ಮಾಡಿದವರ ಹೆಸರು ಗುಟ್ಟಾಗಿದ್ದರೂ ಊರಿಗೆ ಗೊತ್ತಾಗುವುದು ಕಷ್ಟವಲ್ಲ: ಹುಡುಗಿಯ ನಿಜವಾದ ವಯಸ್ಸು ಯಾರ ರಿಜಿಸ್ಟರಿನಲ್ಲಿದೆ? ಮಗು ಹುಟ್ಟಿದಾಗಿನಿಂದ ತೂಕ ಬರೆದುಕೊಂಡು ಬಂದವಳೇ ಮೊದಲ ಅನುಮಾನಕ್ಕೆ ಗುರಿ.

ಹಾಗಾಗಿ ಈ ಹೆಣ್ಣುಮಕ್ಕಳು ತಮ್ಮದೇ ಜಾಣತನ ರೂಢಿಸಿಕೊಂಡಿದ್ದಾರೆ. ಸಂಶಯವಿರುವ ಮನೆಗೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡೇ ಹೋಗುತ್ತಾರೆ. ಮದುವೆಯ ಮಾತೆತ್ತುವುದಿಲ್ಲ, ಚಿಕ್ಕ ಮಗುವಿನ ತೂಕ ನೋಡಬೇಕಿತ್ತು ಅನ್ನುತ್ತಾರೆ. ಒಳಗೆ ಕರೆದರೂ ಕಟ್ಟೆಯ ಮೇಲೇ ಕೂರುತ್ತಾರೆ. ಎಲ್ಲಿಗೆ ಹೊರಟೆ ಅಂತ ಸಹಾಯಕಿಗೆ ಹೇಳಿ ಹೋಗುತ್ತಾರೆ. ಯಾವ ತರಬೇತಿ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು ಎಂದು ನನಗನಿಸುತ್ತದೆ. ಆದರೆ ಇದನ್ನೆಲ್ಲ ಅವರೇ ಹುಡುಕಿಕೊಳ್ಳಬೇಕಾಗಿ ಬಂತಲ್ಲ ಎಂಬ ಸಿಟ್ಟೂ ಇದೆ.

2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವಾಗಿಸುವ ಸುಗ್ರೀವಾಜ್ಞೆ ಅದೇ ತಿಂಗಳು ಬಂತು. ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ.

2013ರ ಕಾಯ್ದೆ ಅಷ್ಟು ಸಂಕುಚಿತವಲ್ಲ. ಕೆಲಸದ ನಿಮಿತ್ತ ಹೋದ ಯಾವ ಜಾಗವೂ ಅದರ ಪ್ರಕಾರ ಕೆಲಸದ ಸ್ಥಳವೇ. ಸಂಬಳವಿಲ್ಲದೆ, ಸ್ವಯಂಸೇವಕಿಯಾಗಿ ದುಡಿಯುವವಳೂ ಉದ್ಯೋಗಿಯೇ. ಗೌರವಧನ, ಪ್ರೋತ್ಸಾಹಧನ ಎಂಬ ಹೆಸರಿನಲ್ಲಿ ಇವರನ್ನು ನೌಕರರೇ ಅಲ್ಲ ಎನ್ನುವವರು ಇದನ್ನು ಓದಬೇಕು. ದೂರು ಕೇಳುವ ಸ್ಥಳೀಯ ಸಮಿತಿ ಜಿಲ್ಲಾ ಮಟ್ಟದ್ದು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಅದಕ್ಕೇ ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು, ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎನ್ನುತ್ತದೆ ಕಾಯ್ದೆ. ಇದನ್ನು ಒಬ್ಬ ಕಾರ್ಯಕರ್ತೆಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದರು: “ದೂರು ಕೊಟ್ಟ ಮರುದಿನ ನಾನು ಮತ್ತೆ ಅದೇ ಓಣಿಗೇ ಹೋಗಬೇಕಲ್ರೀ ಮೇಡಂ, ಅವಾಗ ನನ್ನ ಜೊತಿ ಯಾರು ಬರ್ತಾರ?”