ಬಾಗಿಲನ್ನು ಕಳೆಯುವುದೇ, ಬಿಡುವುದೇ?

ಮನೆಗೆ ಎಷ್ಟು ಸಿಮೆಂಟು, ಎಷ್ಟು ಮರಳು ಬೇಕು ಎಂದರೆ ನಮ್ಮ ಮೇಸ್ತ್ರಿಗಳು ನಿಂತಲ್ಲೇ ಉತ್ತರ ಹೇಳುತ್ತಾರೆ. 100 ಚದರ ಅಡಿಗೆ ಒಂದು 'ಚದರ'. ಚದರಕ್ಕೆ ಇಷ್ಟು ಮೂಟೆ, ಇಷ್ಟು ಲೋಡು. ಈ ಬಾಯಿಲೆಕ್ಕದ ಹಿಂದೆ ಎಷ್ಟೋ ಮನೆ ಕಟ್ಟಿದ ಅನುಭವವಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಮನೆಯ ಆಕಾರ ಬದಲಾದರೆ ಲೆಕ್ಕ ಜಾರುತ್ತದೆ. ಒಂದೇ ವಿಸ್ತೀರ್ಣದ ಎರಡು ಮನೆಗಳಲ್ಲಿ ಮೂಲೆಮುರುಕು ಹೆಚ್ಚಿರುವ ಮನೆಗೆ ಗೋಡೆಯೂ ಹೆಚ್ಚು.

ನಕ್ಷೆಯನ್ನೇ ಅಳೆದು ಲೆಕ್ಕ ಹಾಕುವುದು ಬ್ರಿಟನ್ನಿನಲ್ಲಿ ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. ನಕ್ಷೆಯಿಂದ ಉದ್ದಗಲ ತೆಗೆದು ಬರೆದುಕೊಳ್ಳುವುದಕ್ಕೆ ಅಲ್ಲಿನ ಕ್ವಾಂಟಿಟಿ ಸರ್ವೇಯರುಗಳು 'ಟೇಕಿಂಗ್ ಆಫ್' ಎಂದರು. ಇಂದಿನ ಟೇಕಾಫ್ ತಂತ್ರಾಂಶದ ಹೆಸರು ಅಲ್ಲಿಂದಲೇ ಬಂದದ್ದು. 1922ರಲ್ಲಿ ಅವರ ಅಳತೆಯ ನಿಯಮಾವಳಿ ಅಚ್ಚಾಯಿತು. ಕಟ್ಟಡ ಕೆಲಸಗಳ ಅಳತೆಗೆ ಭಾರತದ ಐಎಸ್ 1200 ಮಾನಕ ಬಂದದ್ದು 1958ರಲ್ಲಿ.

ಈ ಕ್ಷೇತ್ರದ ಜೀವಾಳ ಇರುವುದು ಇಂಥ ನಿಯಮಗಳಲ್ಲಿ ಎಂದು ನಾನು ನಂಬಿದ್ದೇನೆ. ಪ್ಲಾಸ್ಟರಿಂಗನ್ನೇ ನೋಡಿ. ಕಿಂಡಿ 0.5 ಚದರ ಮೀಟರ್ ಮೀರದಿದ್ದರೆ ಐಎಸ್ 1200 ಏನನ್ನೂ ಕಳೆಯಗೊಡುವುದಿಲ್ಲ. 0.5ರಿಂದ 3 ಚದರ ಮೀಟರ್‌ವರೆಗಿನ ಬಾಗಿಲು, ಕಿಟಕಿಗಳಿಗೆ, ಗೋಡೆಯ ಎರಡೂ ಮೈಗೆ ಒಂದೇ ಬಗೆಯ ಪ್ಲಾಸ್ಟರ್ ಇದ್ದರೆ, ಒಂದು ಮೈಯಲ್ಲಿ ಮಾತ್ರ ಕಳೆಯಬೇಕು. ಬಾಗಿಲಿನ ಪಕ್ಕದ ಅಂಚುಗಳಿಗೆ, ಮೇಲಂಚಿಗೆ ಗಾರೆಯವರು ಪಡುವ ಶ್ರಮಕ್ಕೆ, ಕಳೆಯದೆ ಉಳಿಸಿದ ಆ ಇನ್ನೊಂದು ಮೈಯೇ ಪರಿಹಾರ. 3 ಚದರ ಮೀಟರ್ ದಾಟಿದರೆ ಎರಡೂ ಕಡೆ ಕಳೆದು, ಅಂಚುಗಳನ್ನು ಬೇರೆಯಾಗಿ ಅಳೆದು ಕೂಡಿಸಬೇಕು. ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಸಂಖ್ಯೆ, ಉದ್ದ, ಅಗಲ, ಎತ್ತರ ಎಂದು ಶಾಯಿಯಲ್ಲಿ ತುಂಬಿದ ಒಂದೊಂದು ಸಾಲಿನ ಹಿಂದೆಯೂ ಇಂಥ ತೀರ್ಮಾನವಿದೆ.

ಯಂತ್ರದ ನೆರವು ನಿಧಾನವಾಗಿ ಬಂತು. ಸ್ವಿಟ್ಜರ್ಲೆಂಡಿನ ಯಾಕೋಬ್ ಆಮ್ಸ್ಲರ್ 1854ರಲ್ಲಿ ರೂಪಿಸಿದ ಪ್ಲಾನಿಮೀಟರ್, ಅಂಕುಡೊಂಕಾದ ಗೆರೆಯ ಸುತ್ತ ಓಡಾಡಿಸಿದರೆ ಒಳಗಿನ ವಿಸ್ತೀರ್ಣ ತೋರಿಸುತ್ತಿತ್ತು. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಗುಣಾಕಾರದ ಹೊರೆ ಇಳಿಸಿತು: ಒಂದು ಅಳತೆ ತಿದ್ದಿದರೆ ಇಡೀ ಪಟ್ಟಿ ತಾನೇ ಸರಿಹೋಗತೊಡಗಿತು. 1982ರಲ್ಲಿ ಕಂಪ್ಯೂಟರಿನಲ್ಲೇ ನಕ್ಷೆ ಬಿಡಿಸುವ ಆಟೋಕ್ಯಾಡ್ ಬಂತು. ಕಾಗದದ ನಕ್ಷೆಯನ್ನು ಡಿಜಿಟೈಸರ್ ಹಲಗೆಯ ಮೇಲೆ ಹರಡಿ ಮೂಲೆಮೂಲೆಗೆ ಪೆನ್ನು ಒತ್ತುವ ಪದ್ಧತಿಯೂ ಕೆಲಕಾಲ ನಡೆಯಿತು.

1993ರಲ್ಲಿ ಹುಟ್ಟಿದ ಪಿಡಿಎಫ್ ಬಳಕೆಗೆ ಬಂದಂತೆ ಅಳತೆ ಪರದೆಗೇ ಬಂತು. ಆನ್-ಸ್ಕ್ರೀನ್ ಟೇಕಾಫ್, ಪ್ಲಾನ್‌ಸ್ವಿಫ್ಟ್, ಬ್ಲೂಬೀಮ್ ಮುಂತಾದ ತಂತ್ರಾಂಶಗಳಿಂದ ಆದ ದೊಡ್ಡ ಉಪಕಾರ ವೇಗವಲ್ಲ, ಬಣ್ಣ. ಅಳೆದ ಗೋಡೆ ನಕ್ಷೆಯ ಮೇಲೆ ಬಣ್ಣ ತಳೆಯುತ್ತದೆ. ಬಿಟ್ಟುಹೋದದ್ದು ಬಿಳಿಯಾಗೇ ಉಳಿದು ಕಣ್ಣಿಗೆ ಬೀಳುತ್ತದೆ. ಆದರೆ ಸ್ಕೇಲ್ ಹೊಂದಿಸುವಾಗ ಎಚ್ಚರ ಬೇಕು. ಉದ್ದದಲ್ಲಿ ಶೇ 2ರಷ್ಟು ತಪ್ಪಿದರೆ ವಿಸ್ತೀರ್ಣದಲ್ಲಿ ಸುಮಾರು ಶೇ 4 ತಪ್ಪುತ್ತದೆ. ನಕ್ಷೆಯಲ್ಲಿ ಅಳತೆ ಬರೆದಿರುವ ಯಾವುದಾದರೂ ಉದ್ದನೆಯ ಗೋಡೆಯನ್ನು ಮೊದಲು ಅಳೆದು ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

2000ದಲ್ಲಿ ಬಂದ ರೆವಿಟ್‌ನಂಥ, ಕಟ್ಟಡದ ಮಾದರಿ ರಚಿಸುವ ತಂತ್ರಾಂಶಗಳಲ್ಲಿ ಗೋಡೆ ಬರೀ ಗೆರೆಯಾಗಿ ಉಳಿಯಲಿಲ್ಲ. ತನ್ನ ದಪ್ಪ, ಎತ್ತರ, ಗಾತ್ರಗಳನ್ನು ತಾನೇ ಹೇಳುವ ವಸ್ತುವಾಯಿತು. ಆದರೂ ಮಾದರಿಯಲ್ಲಿ ಬಿಡಿಸದಿದ್ದದ್ದು ಲೆಕ್ಕಕ್ಕೆ ಸಿಗದು. ಸೆಂಟ್ರಿಂಗ್ ಹಲಗೆ, ಕಬ್ಬಿಣದ ಸರಳಿನ ಜೋಡಣೆಯ ಉದ್ದ ಎಷ್ಟೋ ಸಲ ಹೊರಗುಳಿಯುತ್ತವೆ. ಇನ್ನೊಂದು ತೊಡಕೆಂದರೆ, ಮಾದರಿ ಕೊಡುವುದು ನಿವ್ವಳ ಅಳತೆ. 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲನ್ನು ಅದು ಎರಡೂ ಮೈಯಲ್ಲಿ ಕಳೆಯುತ್ತದೆ. ಐಎಸ್ 1200 ಒಂದರಲ್ಲಿ ಮಾತ್ರ. ಅಂಚುಗಳನ್ನು ಯಾರೂ ಬೇರೆ ಸೇರಿಸದೆ ಆ ಅಂಕಿಯನ್ನೇ ಬಿಲ್ಲಿಗೆ ಇಳಿಸಿದರೆ, ಅಂಥ 40 ಬಾಗಿಲುಗಳ ಕಟ್ಟಡದಲ್ಲಿ ಗಾರೆಯವರಿಗೆ 84 ಚದರ ಮೀಟರಿನ ಕೂಲಿ ಖೋತಾ.