ಕೇಳಿದ ವಿಮಾನ, ಸಿಕ್ಕ ವಿಮಾನ

ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಮೊದಲ ಹಂತದ ಹಾರಾಟ ಕಲಿತ ಕೆಡೆಟ್‌ಗಳ ದಾರಿ ಮೂರಾಗಿ ಒಡೆಯುತ್ತದೆ: ಫೈಟರ್, ಸಾರಿಗೆ ವಿಮಾನ, ಹೆಲಿಕಾಪ್ಟರ್. ಯಾವುದು ಬೇಕೆಂದು ಅವರನ್ನು ಕೇಳುವುದೂ ಉಂಟು. ಬಹುಪಾಲು ಕೆಡೆಟ್‌ಗಳ ಮೊದಲ ಆಯ್ಕೆ ಫೈಟರ್. ಅದು ಸಿಕ್ಕವನು ಗೆದ್ದ, ಸಿಗದವನು ಸ್ವಲ್ಪ ಹಿಂದೆ ಬಿದ್ದ ಎಂಬ ಭಾವನೆ ಪಡೆಯ ಒಳಗೂ ಇದೆ, ಹೊರಗೆ ಮದುವೆ ಮಾತುಕತೆಯವರೆಗೂ ಇದೆ. ಜಾಣರೆಲ್ಲ ಫೈಟರ್‌ಗೆ, ಉಳಿದವರು ಉಳಿದದ್ದಕ್ಕೆ ಎಂಬ ಈ ಲೆಕ್ಕವನ್ನು ಭಾರತೀಯ ವಾಯುಪಡೆಯ ಇತಿಹಾಸ ಅಷ್ಟಾಗಿ ಒಪ್ಪುವುದಿಲ್ಲ. ಈ ಮೇಲು ಕೀಳಿನ ಸಾಲು ವಾಯುಪಡೆಯ ಜೊತೆಗೆ ಹುಟ್ಟಿದ್ದಲ್ಲ, ಜೆಟ್ ವಿಮಾನಗಳ ಜೊತೆಗೆ ಬಂದದ್ದು. ಯಾರಿಗೆ ಯಾವ ವಿಮಾನ ಎಂಬುದನ್ನು ಕೆಡೆಟ್‌ನ ಕೈಚಳಕ ನಿರ್ಧರಿಸಿದಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಸರ್ಕಾರ ಆ ಹೊತ್ತಿಗೆ ಏನನ್ನು ಕೊಂಡಿತ್ತು, ಏನನ್ನು ಕೊಳ್ಳದೆ ಕೂತಿತ್ತು ಎಂಬುದು ನಿರ್ಧರಿಸಿದೆ.

1932ರ ಅಕ್ಟೋಬರ್ 8ರಂದು ಕಾನೂನಿನ ಕಾಗದದ ಮೇಲೆ ಹುಟ್ಟಿದ ವಾಯುಪಡೆಗೆ ಮೊದಲ ಹಾರುವ ತುಕಡಿ ಸಿಕ್ಕಿದ್ದು ಮರುವರ್ಷದ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್‌ನಲ್ಲಿ. ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಕಲಿತು ಬಂದ ಐವರು ಪೈಲಟ್‌ಗಳು, ನಾಲ್ಕು ವಾಪಿಟಿ ವಿಮಾನಗಳು, ಇಷ್ಟೇ ಬಂಡವಾಳ. ಆ ಐವರಲ್ಲಿ ಮುಂದೆ ಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿಯೂ ಇದ್ದರು. ಯಾವ ವಿಮಾನ ಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಲು ಎರಡನೆಯದು ಇರಲೇ ಇಲ್ಲ. ವಾಪಿಟಿ ಎರಡು ಜೋಡಿ ರೆಕ್ಕೆಗಳ, ತೆರೆದ ಕಾಕ್‌ಪಿಟ್ಟಿನ, ನಿಧಾನದ ವಿಮಾನ. ಅದರ ಕೆಲಸ ವಾಯವ್ಯ ಗಡಿಯ ಗುಡ್ಡಗಳಲ್ಲಿ ಭೂಸೇನೆಗೆ ಕಣ್ಣಾಗುವುದು, ಸುದ್ದಿ ಮುಟ್ಟಿಸುವುದು. ಅಂಥ ಕೆಲಸದಲ್ಲಿದ್ದ ವಿಮಾನಗಳಿಗೆ ಒಂದು ಕಸರತ್ತು ಕಡ್ಡಾಯ: ನೆಲದಲ್ಲಿ ಎರಡು ಕಂಬ ನೆಟ್ಟು, ನಡುವೆ ಹಗ್ಗ ಕಟ್ಟಿ, ಅದಕ್ಕೆ ಕಾಗದದ ಚೀಲ ತೂಗುಬಿಟ್ಟಿರುತ್ತಿದ್ದರು. ವಿಮಾನ ನೆಲ ಸವರುವಷ್ಟು ಕೆಳಗೆ ಬಂದು, ಹೊಟ್ಟೆಯಡಿಯ ಕೊಕ್ಕೆಗೆ ಆ ಹಗ್ಗವನ್ನು ಸಿಕ್ಕಿಸಿಕೊಂಡು ಮೇಲೇಳಬೇಕು. ಪೈಲಟ್‌ನ ಕೈ ಎಷ್ಟು ಪಳಗಿದೆ ಎಂದು ಅಳೆಯುತ್ತಿದ್ದದ್ದು ಇಂಥದರಲ್ಲೇ. ಸಾರಿಗೆ ವಿಮಾನಗಳ ಸ್ಕ್ವಾಡ್ರನ್ ಎಂಬುದು ಎರಡನೆಯ ಮಹಾಯುದ್ಧ ಮುಗಿಯುವವರೆಗೆ ನಮ್ಮ ಪಡೆಗೆ ಇರಲಿಲ್ಲ. ಡಕೋಟಗಳು ಕೈಗೆ ಬಂದದ್ದು ಅದರ ನಂತರ.

ಬಂದ ಕೂಡಲೇ ಅವುಗಳ ಮೇಲೆ ಬಿದ್ದ ಹೊರೆ ನೋಡಿ. 1947ರ ಅಕ್ಟೋಬರ್ 27ರ ಬೆಳಿಗ್ಗೆ ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಡಕೋಟ. ಮರುವರ್ಷದ ಮೇ 24ರಂದು ಲೇಹ್‌ನ ಹೊಸ ಮಣ್ಣಿನ ಪಟ್ಟಿಯಲ್ಲಿ, ಸುಮಾರು 11 ಸಾವಿರ ಅಡಿ ಎತ್ತರದಲ್ಲಿ, ಮೊದಲ ಸಲ ಇಳಿದದ್ದೂ ಡಕೋಟವೇ. ಒಳಗಿನ ಗಾಳಿಯ ಒತ್ತಡ ಕಾಯುವ ಏರ್ಪಾಡಿಲ್ಲದ ಆ ವಿಮಾನವನ್ನು ಹಿಮಾಲಯ ದಾಟಿಸಿದವರು ಏರ್ ಕಮೊಡೋರ್ ಮೆಹರ್ ಸಿಂಗ್. ಜೊತೆಗೆ ಕೂತಿದ್ದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಮೆಹರ್ ಸಿಂಗ್ ಮೂಲತಃ ಸಾರಿಗೆ ವಿಮಾನದ ಮನುಷ್ಯರಲ್ಲ. ಬರ್ಮಾ ಯುದ್ಧದಲ್ಲಿ ಹರಿಕೇನ್ ಯುದ್ಧವಿಮಾನಗಳ ಸ್ಕ್ವಾಡ್ರನ್ ನಡೆಸಿ ಹೆಸರಾದವರು. ಅವರಿಗೆ ಡಕೋಟ ಹತ್ತುವುದು ಕೆಳಗಿಳಿದಂತೆ ಅನಿಸಿದ್ದಕ್ಕೆ ಯಾವ ಪುರಾವೆಯೂ ಇಲ್ಲ. ಅದೇ ಕಾಶ್ಮೀರದಲ್ಲಿ ಡಕೋಟದ ಬಾಗಿಲಿನಿಂದ ಬಾಂಬುಗಳನ್ನು ಕೈಯಾರೆ ಹೊರಳಿಸಿ ಕೆಡವಿದ್ದೂ ಉಂಟು. ಸಾಗಿಸುವ ವಿಮಾನ, ಕಾದಾಡುವ ವಿಮಾನ ಎಂಬ ಗೋಡೆಯೇ ಇನ್ನೂ ಗಟ್ಟಿಯಾಗಿರದ ಕಾಲ ಅದು.

ಗೋಡೆ ಎದ್ದದ್ದು 1948ರ ನವೆಂಬರ್‌ನಲ್ಲಿ ಮೊದಲ ವ್ಯಾಂಪೈರ್ ಜೆಟ್‌ಗಳು ಬಂದ ಮೇಲೆ. ಮುಂದಿನ ಹತ್ತು ವರ್ಷಗಳಲ್ಲಿ ತೂಫಾನಿ, ಮಿಸ್ಟೇರ್, ಹಂಟರ್, ನ್ಯಾಟ್ ಸಾಲಾಗಿ ಬಂದವು. ವೇಗ ಹೆಚ್ಚಿದಂತೆ ತರಬೇತಿಯೂ ಬೇರೆ ಬೇರೆಯಾಗಬೇಕಾಯಿತು: ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2ರಲ್ಲಿ ಎಲ್ಲರೂ ಒಟ್ಟಿಗೆ ಅಕ್ಷರ ಕಲಿತರೂ, ಆಮೇಲೆ ಜೆಟ್‌ಗೆ ಹೋಗುವವರದ್ದು ಒಂದು ದಾರಿ, ಉಳಿದವರದ್ದು ಇನ್ನೊಂದು. 1954ರಲ್ಲಿ ಬಂದ ಹೆಲಿಕಾಪ್ಟರ್ ಮೂರನೆಯ ದಾರಿ ತೆರೆಯಿತು. ದಾರಿ ಬೇರೆಯಾದದ್ದು ತಾಂತ್ರಿಕ ಅಗತ್ಯ, ಸರಿ. ಬೇರೆ ದಾರಿಗಳಿಗೆ ಬೇರೆ ಬೇರೆ ಮರ್ಯಾದೆ ಅಂಟಿಕೊಂಡದ್ದಕ್ಕೆ ಕಾರಣ ಹುಡುಕಿದರೆ ಯುದ್ಧಭೂಮಿಯಲ್ಲಿ ಸಿಗುವುದಿಲ್ಲ. 1962ರ ಚೀನಾ ಯುದ್ಧದಲ್ಲಿ ದೆಹಲಿ ತನ್ನ ಫೈಟರ್, ಬಾಂಬರ್‌ಗಳನ್ನು ದಾಳಿಗೆ ಕಳಿಸಲೇ ಇಲ್ಲ. ವಾಯುಪಡೆಯ ಇಡೀ ಯುದ್ಧವನ್ನು ಡಕೋಟ, ಪ್ಯಾಕೆಟ್, ಆಟರ್, ಎಎನ್-12, ಎಂಐ-4 ಹಾರಿಸುತ್ತಿದ್ದವರು ಮಾಡಿದರು. ಆ ವರ್ಷದ ಜುಲೈನಲ್ಲಿ ದೌಲತ್ ಬೇಗ್ ಓಲ್ಡಿಯಲ್ಲಿ, 16 ಸಾವಿರ ಅಡಿಗೂ ಮೇಲೆ, ಪ್ಯಾಕೆಟ್ ವಿಮಾನ ಇಳಿದಿತ್ತು. ಅಕ್ಟೋಬರ್‌ನಲ್ಲಿ ಎಎನ್-12ಗಳು ಹೊಟ್ಟೆಯಲ್ಲಿ ಟ್ಯಾಂಕ್ ಹೊತ್ತು ಚುಶೂಲ್‌ಗೆ ಹೋದವು. ಆದರೂ ಜನರ ನೆನಪಿನಲ್ಲಿ ಉಳಿದದ್ದು ಅದಲ್ಲ. 1965 ಮತ್ತು 1971ರ ಆಕಾಶದ ಕಾಳಗಗಳು. ಸೋತ ಯುದ್ಧದ ಸಾಗಣೆಗಿಂತ ಗೆದ್ದ ಯುದ್ಧದ ಕಾಳಗ ಕತೆಗೆ ಒದಗುತ್ತದೆ.

ಆ ಕತೆಗಳಲ್ಲಿ ಕನ್ನಡ ನಾಡಿಗೆ ಹತ್ತಿರದ್ದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದು. ಅವರ ಸಾಹಸವನ್ನು ಹೇಳುವವರು ಅದಕ್ಕೆ ಮೊದಲು ಅವರು ಎಲ್ಲಿದ್ದರು ಎಂಬುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1965ರಲ್ಲಿ ಯುದ್ಧ ಹೊತ್ತಿಕೊಂಡಾಗ ದೇವಯ್ಯ ಫ್ಲೈಯಿಂಗ್ ಕಾಲೇಜಿನಲ್ಲಿ ಬೋಧಕರು. ಕಲಿಸುವ ಕೆಲಸ ಮುಂಚೂಣಿಯ ಪೈಲಟ್ ಹಂಬಲಿಸುವ ನೇಮಕವೇನಲ್ಲ. ಅಲ್ಲಿಂದ ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಕಳಿಸಿದಾಗ ಸಿಕ್ಕಿದ್ದು ಮಿಸ್ಟೇರ್. ಶಬ್ದದ ಎರಡರಷ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಎದುರು ಹಿಂದಿನ ತಲೆಮಾರಿನ ವಿಮಾನ. ಸೆಪ್ಟೆಂಬರ್ 7ರ ಸರ್ಗೋಧಾ ದಾಳಿಯಲ್ಲಂತೂ ಅವರು ಮೀಸಲು ಪೈಲಟ್. ಯಾರಾದರೂ ಹಿಂದೆ ಸರಿದರೆ ಮಾತ್ರ ಅವರ ಸರದಿ. ಸರದಿ ಬಂತು. ಎದುರಾದ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಉರುಳಿಸಿ ಅವರೂ ಮಡಿದರು. ಹಿಂತಿರುಗಿ ಬಂದು ಹೇಳುವವರಿಲ್ಲದ್ದರಿಂದ ನಮ್ಮ ಕಡೆ ವಿಷಯ ಗೊತ್ತಾಗಲಿಲ್ಲ. ಪಾಕಿಸ್ತಾನದ ಪರವಾಗಿ ಬರೆದ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ ಎಳೆ ಸಿಕ್ಕಿ, 1988ರಲ್ಲಿ, ಸತ್ತು 23 ವರ್ಷಗಳಾದ ಮೇಲೆ, ಮಹಾವೀರ ಚಕ್ರ ಬಂತು. ಒಳ್ಳೆಯ ಪೈಲಟ್‌ಗೆ ಒಳ್ಳೆಯ ವಿಮಾನ ಎಂಬ ಸೂತ್ರಕ್ಕೆ ಇಲ್ಲಿ ಜಾಗವೆಲ್ಲಿದೆ?

ಫೈಟರ್ ಹಾರಿಸಲು ನಿಜಕ್ಕೂ ಬೇರೆ ಬಗೆಯ ಮೈ, ಬೇರೆ ಬಗೆಯ ಚುರುಕು ಬೇಕು, ಎಲ್ಲವನ್ನೂ ಸರ್ಕಾರದ ಖರೀದಿಗೆ ಕಟ್ಟಿದರೆ ಪ್ರತಿಭೆಗೆ ಬೆಲೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಆಕ್ಷೇಪದಲ್ಲಿ ತಿರುಳಿದೆ. ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಲ್ಲಿ ದಶಕಗಳ ಕಾಲ ನಡೆದ ಪೈಲಟ್ ಪರೀಕ್ಷೆಯನ್ನೇ ನೋಡಿ. ಅಭ್ಯರ್ಥಿ ಯಂತ್ರದ ಮುಂದೆ ಕೂರುತ್ತಾನೆ. ಪರದೆಯ ಮೇಲೆ ಅಲೆಯುವ ಚುಕ್ಕಿಯನ್ನು ಕೈಯ ಕೋಲು, ಕಾಲಿನ ಪೆಡಲ್ ಎರಡರಿಂದಲೂ ನಡುವಿನ ಚೌಕದಲ್ಲಿ ಹಿಡಿದಿಡಬೇಕು. ಅಷ್ಟರಲ್ಲಿ ದೀಪ ಹೊತ್ತುತ್ತದೆ, ಸದ್ದಾಗುತ್ತದೆ. ಚುಕ್ಕಿಯನ್ನು ಬಿಡದೆ ಅವನ್ನೂ ಆರಿಸಬೇಕು. ಒಮ್ಮೆ ಫೇಲಾದರೆ ಜನ್ಮದಲ್ಲಿ ಇನ್ನೊಂದು ಅವಕಾಶವಿಲ್ಲ. ಈಗ ಆ ಜಾಗಕ್ಕೆ ಕಂಪ್ಯೂಟರ್ ಪರೀಕ್ಷೆ ಬಂದಿದ್ದರೂ ಈ ನಿಯಮ ಕರಗಿಲ್ಲ. ಮೈಯಳತೆಯೂ ಇದೆ: ತೊಡೆಯ ಉದ್ದ 64 ಸೆಂಟಿಮೀಟರ್ ಮೀರಬಾರದು; ಎಜೆಕ್ಷನ್ ಸೀಟಿನೊಡನೆ ಹೊರಚಿಮ್ಮುವಾಗ ಮೊಣಕಾಲು ಕಾಕ್‌ಪಿಟ್ಟಿನ ಅಂಚಿಗೆ ಬಡಿಯುವಂತಿಲ್ಲ. ಆದರೆ ಗಮನಿಸಿ, ಇವೆಲ್ಲ ಪೈಲಟ್ ಆಗಬಲ್ಲವರನ್ನು ಆಗಲಾರದವರಿಂದ ಬೇರೆ ಮಾಡುವ ಜರಡಿಗಳು. ಎಜೆಕ್ಷನ್ ಸೀಟೇ ಇಲ್ಲದ ಹೆಲಿಕಾಪ್ಟರ್‌ಗೆ ಮುಂದೆ ಹೋಗುವವನ ತೊಡೆಯನ್ನೂ ಇದೇ ಟೇಪಿನಲ್ಲಿ ಅಳೆಯುತ್ತಾರೆ. ಪಾಸಾದವರ ನಡುವೆ ಫೈಟರ್ ಯಾರಿಗೆ ಎಂಬುದಕ್ಕೆ ಬೋಧಕರ ಅಂಕ, ಅಭಿಪ್ರಾಯ ಇವೆ. ಆದರೆ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಆ ತಂಡದ ಹೊತ್ತಿಗೆ ಎಷ್ಟು ಸ್ಥಾನ ಖಾಲಿ ಇವೆ ಎಂಬುದರ ಮೇಲೆ ನಿಂತಿದೆ. ಒಂದು ತಂಡದಲ್ಲಿ ಫೈಟರ್ ಸಿಕ್ಕ ಅದೇ ಅಂಕಕ್ಕೆ ಇನ್ನೊಂದು ತಂಡದಲ್ಲಿ ಸಿಗದಿರಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಚ್ಚಳ. 1994ರಲ್ಲಿ ಮೊದಲ ಮಹಿಳಾ ಪೈಲಟ್‌ಗಳು ಪಡೆಗೆ ಸೇರಿದಾಗ ಅವರ ಮುಂದಿದ್ದದ್ದು ಎರಡೇ ದಾರಿ, ಸಾರಿಗೆ ಮತ್ತು ಹೆಲಿಕಾಪ್ಟರ್. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. 2015ರಲ್ಲಿ ಸರ್ಕಾರ ಪ್ರಯೋಗವೆಂದು ಒಪ್ಪಿ, 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಫೈಟರ್ ಶಾಖೆಗೆ ಬಂದರು. ಬೀದರ್‌ನಲ್ಲಿ ಹಾಕ್ ಎಂಬ ತರಬೇತಿ ಜೆಟ್ ಕಲಿತು ಮುಂದೆ ಹೋದರು. 2015ರ ಆ ಒಪ್ಪಿಗೆಯ ಹಿಂದಿನ ದಿನದವರೆಗೆ ಹೆಂಗಸರ ಕೈಗೆ ಇರದಿದ್ದ ಚುರುಕು ಮರುದಿನ ಬಂದುಬಿಟ್ಟಿತೆ? ಬದಲಾದದ್ದು ಒಂದು ಆದೇಶ.

ಖರೀದಿಯ ಕತೆ ಇದಕ್ಕಿಂತ ಕಹಿ. 1960ರ ದಶಕದ ಕೊನೆಯಿಂದ ಕೆಡೆಟ್‌ಗಳಿಗೆ ಜೆಟ್ ಕಲಿಸಿದ್ದು ಎಚ್‌ಎಎಲ್‌ನ ಕಿರಣ್. ಅದರ ತಯಾರಿಕೆ ಬೇಡಿಕೆಗೆ ಸಾಲದೆ 1970ರ ದಶಕದ ನಡುವಿನಲ್ಲಿ ಪೋಲೆಂಡಿನಿಂದ 50 ಇಸ್ಕ್ರಾ ತರಿಸಿದರು. ಈ ಸೌಮ್ಯ ವಿಮಾನಗಳಿಂದ ಎದ್ದ ಹುಡುಗ ಕೂರಬೇಕಾಗಿದ್ದದ್ದು ಶಬ್ದದ ಎರಡರಷ್ಟು ವೇಗದ, ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ನೆಲ ಮುಟ್ಟಲು ಬರುವ ಮಿಗ್-21ರಲ್ಲಿ. ನಡುವಿನ ಮೆಟ್ಟಿಲು ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತು. ಆ ಮೆಟ್ಟಿಲಾಗಬೇಕಿದ್ದ ಹಾಕ್ ಖರೀದಿಗೆ ಸಹಿ ಬಿದ್ದದ್ದು 2004ರಲ್ಲಿ. ಬೀದರ್‌ನಲ್ಲಿ ಅದು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಆ ನಡುವಿನ ಕಾಲು ಶತಮಾನದಲ್ಲಿ ಫೈಟರ್ ಬೇಕೆಂದು ಕೇಳಿ ಪಡೆದ ಎಷ್ಟೋ ಎಳೆಯರಿಗೆ, ಆಸೆ ಈಡೇರಿದ್ದೇ ಅಪಾಯವಾಯಿತು. ಮಿಗ್ ಅಪಘಾತಗಳಿಗೆಲ್ಲ ತರಬೇತಿಯ ಕೊರತೆಯೊಂದೇ ಕಾರಣವಲ್ಲ. ಎಂಜಿನ್, ಬಿಡಿಭಾಗ, ಹಕ್ಕಿಗಳ ಪಾಲೂ ಇದೆ. ಆದರೆ ಇಪ್ಪತ್ತೆರಡು ವರ್ಷ ಕಡತ ಕೊಳೆಯಿಸಿದ್ದಕ್ಕೆ ಅದು ಸಮಜಾಯಿಷಿಯಲ್ಲ. ಹಾಕ್ ಬಂದು ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಕೆಳಗಿನ ಮೆಟ್ಟಿಲೇ ಮುರಿಯಿತು: 2009ರ ಜುಲೈನಲ್ಲಿ ಇಬ್ಬರು ಬೋಧಕರು ಸತ್ತ ಅಪಘಾತದ ನಂತರ ಪ್ರಾಥಮಿಕ ತರಬೇತಿಯ ದೀಪಕ್ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದರು. ಅ ಆ ಕಲಿಸಲೂ ಕಿರಣ್ ಬೇಕಾಯಿತು. ಬೀದರ್‌ನ ಸೂರ್ಯಕಿರಣ ವೈಮಾನಿಕ ಕಸರತ್ತಿನ ತಂಡ 2011ರ ಏರೋ ಇಂಡಿಯಾ ಪ್ರದರ್ಶನದ ನಂತರ ನಿಂತುಹೋದದ್ದು ಇದಕ್ಕೇ; ಅವರ ಕಿರಣ್ ವಿಮಾನಗಳನ್ನು ಕೆಡೆಟ್‌ಗಳಿಗೆ ಕೊಡಬೇಕಿತ್ತು. ವಾಯುಪಡೆಯ ಅತ್ಯುತ್ತಮ ಕೈಗಳೆಂದು ಆರಿಸಿದವರ ಕೆಳಗಿನ ವಿಮಾನವನ್ನೇ ಹೀಗೆ ಎಳೆದುಕೊಳ್ಳಬೇಕಾದಾಗ ಕೆಡೆಟ್‌ನ ಆಯ್ಕೆಗೆ ಎಷ್ಟು ತೂಕವಿದ್ದೀತು?

ಇನ್ನೊಂದು ವಾದ ಹಿರಿಯ ಅಧಿಕಾರಿಗಳದ್ದು: ವಾಯುಪಡೆ ಇರುವುದೇ ಕಾದಾಡಲು, ಆದ್ದರಿಂದ ಫೈಟರ್ ಪೈಲಟ್‌ಗೆ ಅಗ್ರಸ್ಥಾನ ಸಹಜ. ಮುಖ್ಯಸ್ಥರ ಪಟ್ಟಿ ಈ ನಂಬಿಕೆಯ ಕನ್ನಡಿ. ಹೆಲಿಕಾಪ್ಟರ್ ಪೈಲಟ್ ಒಬ್ಬರು ಮೊದಲ ಬಾರಿ ಆ ಕುರ್ಚಿಗೆ ಬಂದದ್ದು 2007ರಲ್ಲಿ, ಫಾಲಿ ಹೋಮಿ ಮೇಜರ್. ಆ ಹೊತ್ತಿಗೆ ಪಡೆಗೆ 75 ವರ್ಷ. ಕಾದಾಟ ಎಂದರೆ ಎದುರಾಳಿ ವಿಮಾನ ಹೊಡೆಯುವುದು ಎಂದು ಅರ್ಥ ಮಾಡಿಕೊಂಡರೆ ಮಾತ್ರ ಈ ವಾದ ನಿಲ್ಲುತ್ತದೆ. 1984ರ ಏಪ್ರಿಲ್ 13ರಂದು ಸಿಯಾಚಿನ್‌ನ ಬಿಲಾಫೊಂಡ್ ಲಾ ಹತ್ತಿರ ಸೈನಿಕರನ್ನು ಇಳಿಸಿದ್ದು ಬೆಂಗಳೂರಿನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರ್‌ಗಳು. ಆ ನೀರ್ಗಲ್ಲಿನ ಮೇಲೆ ಇಂದಿಗೂ ಒಂದು ಠಾಣೆ ಬದುಕಿದೆಯೆಂದರೆ ಮೇಲೆ ಹೆಲಿಕಾಪ್ಟರ್ ಹಾರುತ್ತಿದೆ ಎಂದೇ. 1971ರ ಡಿಸೆಂಬರ್‌ನಲ್ಲಿ ಮೇಘನಾ ನದಿ ದಾಟಿ ಢಾಕಾದ ದಾರಿ ತೆರೆದದ್ದೂ ಎಂಐ-4ಗಳು. ಕಾರ್ಗಿಲ್‌ನಲ್ಲಿ 1999ರ ಮೇ 28ರಂದು ತೊಲೊಲಿಂಗ್ ಬಳಿ ಕ್ಷಿಪಣಿಗೆ ಬಿದ್ದ ಎಂಐ-17ರಲ್ಲಿ ಇದ್ದವರು ಒಬ್ಬರೂ ಉಳಿಯಲಿಲ್ಲ. ಅವರಿಗೆ ಎಜೆಕ್ಷನ್ ಸೀಟಿನ ಅನುಕೂಲವೂ ಇರಲಿಲ್ಲ. ಫೈಟರ್‌ಗೆ ಅಗ್ರಸ್ಥಾನ ಬೇಡವೆನ್ನುವುದು ನನ್ನ ಮಾತಲ್ಲ. ಆಕಾಶದ ಮೇಲಿನ ಹಿಡಿತ ತಪ್ಪಿದರೆ ಡಕೋಟವೂ ಇಳಿಯದು, ಚೀತಾವೂ ಏರದು. ಆದರೆ ಪಡೆಗೆ ಅಗತ್ಯವಾದದ್ದು ಬೇರೆ, ವ್ಯಕ್ತಿಯ ಯೋಗ್ಯತೆಯ ಅಳತೆಗೋಲು ಬೇರೆ. ನಮ್ಮ ರೂಢಿ ಎರಡನ್ನೂ ಒಂದಕ್ಕೊಂದು ಗಂಟು ಹಾಕಿದೆ.

ಕನಸು ಕಾಣದವನು ಒಳ್ಳೆಯ ಪೈಲಟ್ ಆಗಲಾರ, ಆ ಪೈಪೋಟಿಯೇ ತರಗತಿಯನ್ನು ಚುರುಕಾಗಿಡುತ್ತದೆ ಎಂಬ ಮಾತೂ ಇದೆ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ, ಅಲ್ಲಗಳೆಯುವ ಅಗತ್ಯವೂ ಕಾಣುವುದಿಲ್ಲ. ಕೇಳಬೇಕಾದ್ದು, ಪೈಪೋಟಿಗೆ ಇಟ್ಟ ಬಹುಮಾನ ಎಷ್ಟಿದೆ ಎಂಬುದು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾದಾಗ, 42 ಇರಬೇಕಾದ ಫೈಟರ್ ಸ್ಕ್ವಾಡ್ರನ್‌ಗಳು ಮೂವತ್ತಕ್ಕಿಂತ ಕೆಳಗಿಳಿದವು. ಅವುಗಳ ಜಾಗ ತುಂಬಲು 2021ರಲ್ಲಿ 83 ತೇಜಸ್ ಮಾರ್ಕ್-1ಎ, 2025ರಲ್ಲಿ ಇನ್ನೂ 97 ವಿಮಾನಗಳಿಗೆ ಎಚ್‌ಎಎಲ್‌ಗೆ ಬೇಡಿಕೆ ಸಲ್ಲಿಸಲಾಗಿದೆ. ವಿಮಾನದ ಒಡಲು ಇಲ್ಲೇ ಸಿದ್ಧವಾಗುತ್ತದೆ. ಎಫ್-404 ಎಂಜಿನ್ ಬರಬೇಕಾದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ಮತ್ತು ಅದು ಹೇಳಿದ ಹೊತ್ತಿಗೆ ಬಂದಿಲ್ಲ. ದುಂಡಿಗಲ್‌ನಲ್ಲಿ ಈ ವರ್ಷ ಫೈಟರ್ ಎಂದು ಕೇಳುವ ಕೆಡೆಟ್‌ಗೆ ಸ್ಥಾನ ಸಿಗುವುದು ಅವನ ಲ್ಯಾಂಡಿಂಗ್ ಎಷ್ಟು ನಯವಾಗಿದೆ ಎಂಬುದರ ಜೊತೆಗೆ ಆ ಎಂಜಿನ್‌ಗಳು ಎಂದು ಬೆಂಗಳೂರು ಮುಟ್ಟುತ್ತವೆ ಎಂಬುದರ ಮೇಲೂ ನಿಂತಿದೆ.